ನೋಡುತ್ತ ನಿಂತ ಮಕ್ಕಳು

ಶಾಲೆಯಲ್ಲಿ ಸಹಪಾಠಿಗಳಿಂದ ಪೀಡಿತನಾದ ಬಾಲಕನು ಆ ಸಂಗತಿಯನ್ನು ಮನೆಯಲ್ಲಿ ಅರುಹದಿರುವುದಕ್ಕೆ ಭಯವೊಂದೇ ಕಾರಣವಲ್ಲ. ಹೇಳಿದೊಡನೆ ತಂದೆಯು ಕ್ರುದ್ಧನಾಗಿ ಮುಖ್ಯೋಪಾಧ್ಯಾಯರ ಕೊಠಡಿಗೆ ಧಾವಿಸುವನೆಂದೂ, ಮರುದಿನ ತರಗತಿಯಲ್ಲಿ ತನಗೆ ಚಾಡಿಕೋರನೆಂಬ ಹೊಸ ಹೆಸರು ಅಂಟಿಕೊಳ್ಳುವುದೆಂದೂ ಅವನು ಬಲ್ಲನು. ಆದುದರಿಂದ ದುಃಖವು ಬೇರೆ ದಾರಿಗಳನ್ನು ಹಿಡಿಯುತ್ತದೆ: ಸೋಮವಾರದ ಬೆಳಗ್ಗೆ ತಪ್ಪದೆ ಬರುವ ಹೊಟ್ಟೆನೋವು, ಮುಚ್ಚಳವನ್ನೇ ತೆರೆಯದೆ ಮರಳಿದ ಊಟದ ಡಬ್ಬಿ, ಮತ್ತೆ ಮತ್ತೆ ಕಳೆದುಹೋಗುವ ಕಂಪಾಸು ಪೆಟ್ಟಿಗೆ. ಇಂಥವನಿಗೆ "ನೀನೂ ಎರಡು ಬಾರಿಸಿ ಬಾ" ಎಂದು ಬೋಧಿಸುವ ಹಿರಿಯರುಂಟು. ದುರ್ಬಲನೆಂದೇ ಗುರಿಯಾದವನಿಗೆ ಈ ಉಪದೇಶವು ತಾನು ಮನೆಯಲ್ಲಿಯೂ ಸೋತೆನೆಂಬ ಭಾವವನ್ನಲ್ಲದೆ ಮತ್ತೇನನ್ನೂ ಕೊಡದು.

ಈ ಪೀಡೆಯನ್ನು ಇಬ್ಬರ ನಡುವಣ ಜಗಳವೆಂದು ಎಣಿಸುವುದೇ ನಮ್ಮ ಮೂಲ ಪ್ರಮಾದವೆಂದು ನನ್ನ ದೃಢವಾದ ಅಭಿಪ್ರಾಯ. ಸಮಾನರ ಕಲಹ ಬೇರೆ, ಬಲದಲ್ಲಿ ಮಿಗಿಲಾದವನು ದುರ್ಬಲನನ್ನು ಪದೇ ಪದೇ ನೋಯಿಸುವುದು ಬೇರೆ ಎಂಬ ಭೇದವನ್ನು ನಾರ್ವೆಯಲ್ಲಿ ಸಂಶೋಧನೆ ನಡೆಸಿದ ಡಾನ್ ಓಲ್ವೇಯಸ್ ಸ್ಪಷ್ಟಪಡಿಸಿದರು. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವಾದರೋ, ಪೀಡಕನಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿದು ನಿಲ್ಲುವವರು, ನೊಂದವನ ಪಕ್ಷ ವಹಿಸುವವರು ಎಂದು ತರಗತಿಯ ಬಹುಪಾಲು ಮಕ್ಕಳಿಗೂ ಈ ಪೀಡೆಯಲ್ಲಿ ಒಂದೊಂದು ಪಾತ್ರವಿರುವುದನ್ನು ತೋರಿಸಿಕೊಟ್ಟಿತು. ಈ ತಿಳಿವಿನಿಂದ ಅಲ್ಲಿಯ ಟುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಶಾಲೆಗಳಲ್ಲಿ ಇಂಥ ಪೀಡೆಯನ್ನು ತಡೆಯುವ ಕಿವಾ ಕಾರ್ಯಕ್ರಮದಲ್ಲಿ, ಪೀಡಿತನನ್ನೂ ಪೀಡಕರನ್ನೂ ಬೇರೆಬೇರೆಯಾಗಿ ಕರೆದು ಮಾತಾಡಿಸುವುದಲ್ಲದೆ, ಮೃದುಹೃದಯರಾದ ಇಬ್ಬರಿಂದ ನಾಲ್ವರು ಸಹಪಾಠಿಗಳನ್ನು ಪ್ರತ್ಯೇಕವಾಗಿ ಕಂಡು, ನೊಂದವನ ಜೊತೆಗೂಡುವಂತೆ ಕೇಳಿಕೊಳ್ಳುವ ಕ್ರಮವಿದೆ.

ನಮ್ಮ ಪಾಲಕರು ಇದಕ್ಕಾಗಿ ಯಾವ ಕಾರ್ಯಕ್ರಮವನ್ನೂ ಕಾಯಬೇಕಾಗಿಲ್ಲ. ಮಗುವಿನ ಮಾತನ್ನು ನಡುವೆ ತಡೆಯದೆ ಆಲಿಸಿ, ಎಲ್ಲಿ, ಯಾವಾಗ, ಯಾರ ಎದುರಿನಲ್ಲಿ ನಡೆಯಿತೆಂಬುದನ್ನು ಬರೆದಿಟ್ಟುಕೊಂಡು, ಮುಂದೇನು ಮಾಡಬೇಕೆಂಬುದರಲ್ಲಿ ಅದರ ಸಮ್ಮತಿಯನ್ನೂ ಪಡೆದು, ಬಳಿಕ ತರಗತಿಯ ಉಪಾಧ್ಯಾಯರನ್ನು ಕಂಡು, "ವಿರಾಮದ ವೇಳೆಯಲ್ಲಿ ಇವನ ಸಂಗಡ ಯಾರಿರುವರು?" ಎಂದು ಕೇಳಬಹುದು, ಶಾಲೆಯು ಕಿವಿಗೊಡದಿದ್ದರೆ 1098ರ ಮಕ್ಕಳ ಸಹಾಯವಾಣಿಯುಂಟು. ಎದುರಾಳಿಯ ಮನೆಯ ಬಾಗಿಲಿಗೆ ಹೋಗಿ ಕೂಗಾಡುವುದರಿಂದ ಹಗೆ ಬೆಳೆಯುವುದೇ ಹೊರತು ಮಗುವಿಗೆ ಒಬ್ಬ ಗೆಳೆಯನೂ ದೊರಕನು.

ಆದರೆ ನಾನು ಮುಖ್ಯವಾಗಿ ಹೇಳಬೇಕಾದುದು, ಯಾರ ಮಕ್ಕಳಿಗೆ ಯಾವ ತೊಂದರೆಯೂ ಇಲ್ಲವೋ ಆ ತಂದೆತಾಯಿಗಳಿಗೆ. ಮೈಬಣ್ಣವನ್ನೋ ಜಾತಿಯನ್ನೋ ಮಾತಿನ ಧಾಟಿಯನ್ನೋ ಹಿಡಿದು ಮಕ್ಕಳು ಆಡುವ ಗೇಲಿಯ ನುಡಿಗಳಲ್ಲಿ ಎಷ್ಟೋ ನಮ್ಮ ಪಡಸಾಲೆಗಳಲ್ಲಿಯೇ ಕಲಿತವು. ರಾತ್ರಿ ಊಟದ ಹೊತ್ತಿನಲ್ಲಿ ಅಂಕಗಳನ್ನು ವಿಚಾರಿಸುವ ನಾವು, ಇಂದು ಒಂಟಿಯಾಗಿ ಕುಳಿತು ಉಂಡವರು ಯಾರೆಂದು ಏತಕ್ಕೆ ಕೇಳಬಾರದು? ಪೀಡಕನನ್ನು ಎದುರಿಸೆಂದು ಹತ್ತು ವರ್ಷದ ಹುಡುಗಿಗೆ ಹೇಳುವುದು ಅನ್ಯಾಯ, ಮುಂದಿನ ಸರದಿ ತನ್ನದಾದೀತೆಂಬ ಅವಳ ಅಂಜಿಕೆ ನಿಜವಾದುದು. ನಾಳೆ ನಿನ್ನ ಡಬ್ಬಿಯನ್ನು ಆ ಒಂಟಿಯಾದವಳ ಪಕ್ಕದಲ್ಲಿ ಬಿಚ್ಚು ಎಂದಷ್ಟೇ ಹೇಳಿದರೆ, ಅದು ಅವಳಿಂದ ಆಗುವ ಕೆಲಸ.