ಒಂದು ಥೌ ವ್ಯತ್ಯಾಸ

ಶನಿವಾರ ಸಂಜೆ ಐದೂವರೆಗೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸುತ್ತೇನೆ. ಹನ್ನೊಂದು ಜನ ಬರುತ್ತಾರೆ, ಮಳೆ ಹಿಡಿದರೆ ಆರು. ಮಂಡಕ್ಕಿ, ಮೆಣಸಿನಕಾಯಿ, ಟೀ. ಇದು ಬೈಬಲ್ ಸ್ಟಡಿ ಅಲ್ಲ. ಬೈಬಲ್ ಸ್ಟಡಿಯಲ್ಲಿ ಒಬ್ಬರು ಮಾತಾಡುತ್ತಾರೆ, ಮಿಕ್ಕವರು ತಲೆಯಾಡಿಸುತ್ತಾರೆ. ಇಲ್ಲಿ ಇರುವುದು ಒಂದೇ ಕಟ್ಟಳೆ: ಸಭಾಪಾಲಕರಾದ ಅಯ್ಯನವರೇ ಬಂದರೂ ಚಾಪೆ ಮೇಲೆ ಕೂರಬೇಕು, ಮೊದಲ ಉತ್ತರ ಅವರು ಹೇಳುವಂತಿಲ್ಲ.

ಶುರುವಾಗಿದ್ದು ನಿಕೇಯ ವಿಶ್ವಾಸಪ್ರಮಾಣದಿಂದ. 2025ಕ್ಕೆ ಅದಕ್ಕೆ 1700 ವರ್ಷ ತುಂಬಿತು. ಆರಾಧನೆಯಲ್ಲಿ ಎದ್ದು ನಿಂತು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವಲ್ಲ, ಅರ್ಥ ಕೇಳಿದವರು ಯಾರು? ಮಗನು ತಂದೆಯೊಂದಿಗೆ 'ಒಂದೇ' ತತ್ತ್ವವೋ, 'ಒಂದೇ ಥರದ' ತತ್ತ್ವವೋ ಎಂದು 325ರ ನಿಕೇಯ ಸಭೆ ಮುಗಿದ ಮೇಲೂ ದಶಕಗಟ್ಟಲೆ ಜಗಳವಾಡಿದರು. ಗ್ರೀಕಿನಲ್ಲಿ ಆ ಎರಡು ಪದಗಳ ನಡುವೆ ಇರುವುದು ಒಂದೇ ಅಕ್ಷರ, ಅಯೋಟ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟ ನನಗೂ ಒಂದಕ್ಷರಕ್ಕೆ ಇಷ್ಟು ರಂಪವೇ ಅನಿಸಿತ್ತು.

ಹರಿಹರದಿಂದ 14 ಕಿಲೋಮೀಟರ್ ಬಸ್ಸಿನಲ್ಲಿ ಬರುವ ಹಿರಿಯರೊಬ್ಬರಿದ್ದಾರೆ. ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಯಂತ್ರಗಳ ಜೊತೆ ಆಯುಷ್ಯ ಕಳೆದವರು. ಜೇಬಿನಿಂದ ಪೆನ್ನು ತೆಗೆದು ಬೆರಳುಗಳ ನಡುವೆ ತಿರುಗಿಸುತ್ತಾ ಹೇಳಿದರು: "ಶಾಫ್ಟ್ ಒಂದ್ ಥೌ ದಪ್ಪ ಐತಿ ಅಂದ್ರ ಬೇರಿಂಗ್ ಕೂರಂಗಿಲ್ಲ ಟೀಚರ್. ಒಂದ್ ಥೌ ಸಣ್ಣ ಆತು ಅಂದ್ರ ಕೂರ್ತತಿ, ಆದ್ರ ತಿರುಗ್ತಾ ತಿರುಗ್ತಾ ಸಡ್ಲಾಕ್ಕತಿ. ನೋಡಿದ್ರ ಎರಡೂ ಒಂದೇ ಥರ." ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ನಾನು ಓದಿದ ಎರಡು ಪುಸ್ತಕ ಮಾಡದ ಕೆಲಸವನ್ನು ಆ ಪೆನ್ನು ಮಾಡಿತು.

ಅದೇ ಹಿರಿಯರು ಇನ್ನೊಂದು ಶನಿವಾರ ಸಿಕ್ಕಿಬಿದ್ದರು. ಯೇಸು ನಮ್ಮೂರ ಹರಿಹರೇಶ್ವರ ಇದ್ದ ಹಾಗೆ, ಅರ್ಧ ದೇವರು, ಅರ್ಧ ಮನುಷ್ಯ ಅಂದರು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ; ವಿಗ್ರಹದ ಬಲಭಾಗ ಶಿವ, ಎಡಭಾಗ ವಿಷ್ಣು. ಮೂಲೆಯಲ್ಲಿ ಕೂತಿದ್ದ ನರ್ಸ್ ಹುಡುಗಿ ಮೆಲ್ಲಗೆ ಕೇಳಿದಳು: "ಅರ್ಧ ಮನುಷ್ಯ ಆಗಿದ್ರೆ ಶಿಲುಬೆ ಮೇಲೆ ಅರ್ಧಾನೇ ನೋವಾಗಿರ್ಬೇಕಲ್ಲ, ಅಂಕಲ್?"

ಯಾರೂ ಲೋಟ ಎತ್ತಲಿಲ್ಲ. 451ರಲ್ಲಿ ಕಲ್ಸೆದೋನಿನಲ್ಲಿ ಸೇರಿದವರು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು ಗೆರೆ ಎಳೆದದ್ದು ಯಾಕೆಂದು ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹರಿಹರೇಶ್ವರನ ಲೆಕ್ಕವೇ ಬೇರೆ ಎಂಬುದೂ ಆವತ್ತೇ ಹೊಳೆಯಿತು. ಶೈವರೂ ವೈಷ್ಣವರೂ ಬಡಿದಾಡಬೇಡಿ, ಇಬ್ಬರ ದೇವರೂ ಬೇರೆಯಲ್ಲ ಎನ್ನುವ ವಿಗ್ರಹ ಅದು. ಹೋಲಿಕೆ ಹೊಂದಲಿಲ್ಲ ನಿಜ, ಆದರೆ ಹೊಂದದ ಹೋಲಿಕೆಯಿಂದಲೇ ಆ ಪ್ರಶ್ನೆ ಹುಟ್ಟಿತು.

ಸಭೆಯ ಹಿರಿಯರೊಬ್ಬರು ಫೋನ್ ಮಾಡಿ, "ಟೀಚರಮ್ಮ, ನಂಬಿದ್ರೆ ಸಾಲದಾ? ಜನ ಗೊಂದಲಕ್ಕೆ ಬೀಳ್ತಾರೆ" ಅಂದರು. ಅವರ ಆತಂಕ ಪೊಳ್ಳಲ್ಲ. ಅರೆಬರೆ ಓದಿಕೊಂಡು ಬಂದು ಜಗಳ ತೆಗೆಯುವವರು ನಮ್ಮಲ್ಲೂ ಒಬ್ಬರಿದ್ದಾರೆ. ಆದರೆ ಜನ ಈಗಾಗಲೇ ಗೊಂದಲದಲ್ಲಿದ್ದಾರೆ, ಬಾಯಿ ಬಿಡುವುದಿಲ್ಲ ಅಷ್ಟೇ. ಕೇಳುವುದೇ ಅವಿಶ್ವಾಸ ಎಂದು ಚಿಕ್ಕಂದಿನಲ್ಲೇ ಕಲಿಸಿಬಿಟ್ಟಿದ್ದೇವೆ. ಸೌಂಡ್ ಸಿಸ್ಟಮ್‌ಗೆಂದು ಚಂದಾ ಎತ್ತುವ ಸಭೆಗಳಿಗೆ ವಾರಕ್ಕೊಮ್ಮೆ ನಾಲ್ಕು ಚಾಪೆ ಹಾಸುವುದು ಭಾರವೇ?

ನನಗೆ ಹತ್ತೊಂಬತ್ತಿದ್ದಾಗ, ಬೇರೊಂದು ಊರಿನಲ್ಲಿ, ಅಮ್ಮನ ತಾಯಿ ತೀರಿಕೊಂಡಳು. ದೀಕ್ಷಾಸ್ನಾನ ಪಡೆದವಳಲ್ಲ. ಪ್ರತಿ ಸೋಮವಾರ ಒಪ್ಪೊತ್ತು ಮಾಡುತ್ತಿದ್ದಳು. ಅಜ್ಜಿ ಈಗ ಎಲ್ಲಿದ್ದಾಳೆ ಎಂದು ಅಲ್ಲಿನ ಸಭಾಪಾಲಕರನ್ನು ಕೇಳಿದೆ. ಪ್ರಾರ್ಥನೆ ಮಾಡಮ್ಮ, ಇಂಥದ್ದೆಲ್ಲ ಕೇಳಬಾರದು ಅಂದರು. ಮಾಡಿದೆ. ಪ್ರಶ್ನೆ ಹೋಗಲಿಲ್ಲ.

ಇಂಥ ಪ್ರಶ್ನೆಗೆ ಜೀವಮಾನ ಕೊಟ್ಟ ಕನ್ನಡನಾಡಿನವರೇ ಒಬ್ಬರಿದ್ದರು: 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಪಾಠ ಹೇಳಿ, 1971ರಲ್ಲಿ ಜಿನೀವಾದ ಚರ್ಚುಗಳ ಜಾಗತಿಕ ಮಂಡಳಿಯ ಸಂವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ಅನ್ಯಧರ್ಮದವರ ಎದುರು ಕೂತು ಮಾತಾಡುವುದೇ ಕ್ರೈಸ್ತ ಚಿಂತನೆಯ ಕೆಲಸ ಎಂದುಕೊಂಡವರು. ನಮ್ಮ ಹನ್ನೊಂದು ಮಂದಿಯಲ್ಲಿ ಒಬ್ಬರೂ ಅವರ ಹೆಸರು ಕೇಳಿರಲಿಲ್ಲ. ನಾನು ಕೇಳಿದ್ದೇ ಅರವತ್ತು ದಾಟಿದ ಮೇಲೆ.

ಪ್ರತಿ ವಾರ ಒಬ್ಬೊಬ್ಬರು ಪ್ರಶ್ನೆ ಇಡಬೇಕು. ಬರುವ ಶನಿವಾರ ನನ್ನ ಸರದಿ. ಅಯ್ಯನವರೂ ಬರುತ್ತೇನೆ ಅಂದಿದ್ದಾರೆ. ಮಂಡಕ್ಕಿ ಒಂದು ಸೇರು ಹೆಚ್ಚಿಗೆ ತರಿಸಿಟ್ಟಿದ್ದೇನೆ.