ಮೊಣಕಾಲಿಗೆ ಇಂಜೆಕ್ಷನ್: ಯಾವುದು, ಯಾತರಿಂದ?

ಅಕ್ಕಲಕೋಟೆ ಕಡೆಯ ಮನೆತನವೊಂದರ ಸೊಸೆ ಬರೆದ ಪತ್ರ ಎರಡು ವಾರದಿಂದ ನಮ್ಮ ಮೇಜಿನ ಮೇಲಿದೆ. ಅವರ ಅತ್ತೆಯವರಿಗೆ 68 ವರ್ಷ. ಎರಡೂ ಮೊಣಕಾಲು ಸವೆದಿವೆ. ಬಸದಿಯಲ್ಲಿ ಕೆಳಗೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ವೈದ್ಯರೊಬ್ಬರು ಬಲಗಾಲಿಗೆ 'ಜೆಲ್' ಇಂಜೆಕ್ಷನ್ ಕೊಟ್ಟರು. ಮನೆಗೆ ಬಂದ ಮೇಲೆ ಮೊಮ್ಮಗಳು ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದಳು. ಔಷಧಿಯನ್ನು ಹುಂಜದ ಜುಟ್ಟಿನಿಂದ ತೆಗೆದದ್ದು ಎಂದಿತ್ತು. ಅಂದಿನಿಂದ ಅಜ್ಜಿ ಹಾಲು, ತುಪ್ಪ ಬಿಟ್ಟಿದ್ದಾರೆ. "ಎಡಗಾಲಿಗೆ ಏನು ಮಾಡಿಸೋಣ, ನೀವೇ ತಿಳಿಸಿ" ಎಂದು ಸೊಸೆ ಕೇಳಿದ್ದಾರೆ.

ಅಜ್ಜಿಯವರದು ತಪ್ಪೆಂದು ನಮಗೆ ಅನಿಸುವುದಿಲ್ಲ. ಯಾತರಿಂದ ಮಾಡಿದ್ದು ಎಂದು ಕೇಳಲು ಅವರಿಗೆ ಹೊಳೆಯಲಿಲ್ಲ, ಹೇಳಲು ವೈದ್ಯರಿಗೆ ಹೊಳೆಯಲಿಲ್ಲ. ಆದರೆ ಇನ್ನೊಂದು ಕಾಲಿನ ಮಾತಿಗೆ ಮುಂಚೆ, ಈ ಇಂಜೆಕ್ಷನ್ನುಗಳಿಂದ ಎಷ್ಟು ಗುಣ ಎಂಬುದನ್ನು ನೋಡಬೇಕು.

ಹಳೆಯದು ಸ್ಟೀರಾಯ್ಡ್. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ಬೆರಗು ಹುಟ್ಟಿಸಿದರು. 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಅದೇ ಜಾತಿಯ ಔಷಧಿಯನ್ನು ಕೀಲಿನೊಳಗೇ ಕೊಡುವ ಪದ್ಧತಿ 1951ರ ಸುಮಾರಿಗೆ ಬಂತು. ಆಗ ಅದನ್ನು ಎತ್ತಿನ ಪಿತ್ತರಸದಿಂದ ತಯಾರಿಸುತ್ತಿದ್ದರು. ಬಳಿಕ ಮೆಕ್ಸಿಕೋದ ಕಾಡುಗೆಣಸು, ಸೋಯಾ ಇವುಗಳಿಂದ ಮಾಡುವ ದಾರಿ ಸಿಕ್ಕಿತು. (ಕಂದಮೂಲ ಬಿಟ್ಟವರು ಇದನ್ನೋದಿ ನಕ್ಕಾರು.) ಇದು ಅಗ್ಗ. ಕೆಲವೇ ದಿನಗಳಲ್ಲಿ ನೋವು, ಊತ ಇಳಿಯುತ್ತದೆ. ಆದರೆ ಗುಣ ನಿಲ್ಲುವುದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಸಕ್ಕರೆ ಕಾಯಿಲೆ ಇದ್ದವರಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಗಾದಿಯ ಮೇಲೆ ಕೂತೇ ಆಯುಷ್ಯ ಕಳೆಯುವ ನಮ್ಮವರಲ್ಲಿ ಈ ಕಾಯಿಲೆ ಎಷ್ಟು ಮನೆಗಳಲ್ಲಿದೆ ಎಂದು ಹೇಳಬೇಕಾಗಿಲ್ಲ. 2017ರಲ್ಲಿ ಅಮೆರಿಕದಿಂದ ಒಂದು ಪರೀಕ್ಷೆಯ ಫಲ ಬಂತು. 140 ಜನರಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ, ಅರ್ಧ ಜನಕ್ಕೆ ಸ್ಟೀರಾಯ್ಡ್, ಉಳಿದವರಿಗೆ ಬರೀ ಉಪ್ಪುನೀರು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಟೀರಾಯ್ಡ್ ಪಡೆದವರ ಕೀಲಿನ ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು. ಮನೆಯಲ್ಲಿ ಮದುವೆ ಇದೆ, ನಿಲ್ಲಲೇಬೇಕು ಎನ್ನುವ ಹೊತ್ತಿಗೆ ಒಮ್ಮೆ ಮಾಡಿಸಿದರೆ ನಾವು ಬೇಡವೆನ್ನೆವು. ಕಂತು ಕಟ್ಟಿದಂತೆ ಚುಚ್ಚಿಸಿಕೊಳ್ಳುವುದು ಬೇಡ.

ಎರಡನೆಯದು ಅಜ್ಜಿಯವರಿಗೆ ಕೊಟ್ಟ ಜೆಲ್, ಅಂದರೆ ಹೈಯಲುರೋನಿಕ್ ಆಮ್ಲ. ಕೀಲಿನೊಳಗೆ ಸಹಜವಾಗಿಯೇ ಇರುವ ಅಂಟಾದ ದ್ರವದ ಮುಖ್ಯ ಅಂಶವಿದು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದಂತೆ ಎಂದು ವಿವರಿಸುತ್ತಾರೆ. ಕೇಳಲು ಚೆಂದ, ಬೆಲೆ ಸಾವಿರಾರು ರೂಪಾಯಿ. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವಿಮರ್ಶೆ ಪ್ರಕಟಿಸಿತು. ಉಪ್ಪುನೀರಿನಂಥ ಹುಸಿಮದ್ದಿಗಿಂತ ಸಿಗುವ ಲಾಭ ರೋಗಿಗೆ ಎದ್ದು ಕಾಣುವಷ್ಟಿಲ್ಲ ಎಂಬುದೇ ಅದರ ತೀರ್ಮಾನ. ಇನ್ನು ಮೂಲದ ಮಾತು. ಎಲ್ಲ ಜೆಲ್ ಹುಂಜದ್ದಲ್ಲ. ಸಿನ್ವಿಸ್ಕ್ ಎಂಬುದು ಹುಂಜದ ಜುಟ್ಟಿನದು. ಡ್ಯುರೊಲೇನ್ ಎಂಬುದು ಬ್ಯಾಕ್ಟೀರಿಯಾ ಬೆಳೆಸಿ, ಹುದುಗಿಸಿ ತೆಗೆದದ್ದು. ಸೂಕ್ಷ್ಮಜೀವಿಗಳ ಪ್ರಶ್ನೆ ಎತ್ತುವವರೂ ನಮ್ಮಲ್ಲಿದ್ದಾರೆ. ಅದನ್ನು ತಮ್ಮ ತಮ್ಮ ತ್ಯಾಗಿಗಳ ಬಳಿ ಕೇಳಿಕೊಳ್ಳಲಿ. ಸೂಜಿ ಚುಚ್ಚುವ ಮುಂಚೆ ಆ ಚೀಟಿಯನ್ನು ಕೇಳಿ ಪಡೆಯುವ ಹಕ್ಕು ಎಲ್ಲರಿಗೂ ಇದೆ. ಅಂಗಡಿಯಲ್ಲಿ ಒಂದು ಥಾನು ಬಟ್ಟೆ ಕೊಳ್ಳುವಾಗ ಎಷ್ಟು ಪ್ರಶ್ನೆ ಕೇಳುವವರು ನಾವು!

ಮೂರನೆಯದು ಪಿಆರ್‌ಪಿ. ರೋಗಿಯದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಬೇರ್ಪಡಿಸಿ ಕೀಲಿಗೆ ಕೊಡುತ್ತಾರೆ. ಔಷಧಿ ತನ್ನದೇ ರಕ್ತದ್ದು, ಆದ್ದರಿಂದ ಮೂಲದ ಅಳುಕಿಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ಇದರ ಕಡೆ ಒಲವು ಜಾಸ್ತಿ. ಆದರೆ 2021ರಲ್ಲಿ ಆಸ್ಟ್ರೇಲಿಯಾದ 288 ಜನರ ಪರೀಕ್ಷೆಯ ಫಲ ಬಂದಾಗ, ಒಂದು ವರ್ಷದ ಕೊನೆಗೆ ಇದೂ ಉಪ್ಪುನೀರಿಗಿಂತ ಮೇಲಾಗಿರಲಿಲ್ಲ. ತಯಾರಿಸುವ ರೀತಿ ಒಬ್ಬೊಬ್ಬರದು ಒಂದೊಂದು. ಹೀಗಾಗಿ ವಾದ ಇನ್ನೂ ಮುಗಿದಿಲ್ಲ. ದುಡ್ಡು ಮಾತ್ರ ಮೊದಲೇ ಎಣಿಸಬೇಕು.

ಯಾವ ಇಂಜೆಕ್ಷನ್ನೇ ಆಗಲಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಆದ ಮೇಲೆ ಮೊಣಕಾಲು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಪರೂಪವಾದರೂ ಕೀಲಿಗೆ ನಂಜು ತಗಲುವುದುಂಟು. ಕೀಲು ಬದಲಿಸುವ ಶಸ್ತ್ರಕ್ರಿಯೆ ಗೊತ್ತಾಗಿದ್ದರೆ ಅದಕ್ಕೆ ಮುಂಚಿನ ಮೂರು ತಿಂಗಳು ಸ್ಟೀರಾಯ್ಡ್ ಬೇಡ.

ಹಾಗಾದರೆ ಎಡಗಾಲಿಗೆ? 2020ರಲ್ಲಿ ಅಮೆರಿಕದಲ್ಲಿ 156 ಜನರ ಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ನಿಗೂ ಫಿಸಿಯೋಥೆರಪಿಗೂ ಹೋಲಿಕೆ ಮಾಡಿದರು. ಒಂದು ವರ್ಷದ ಮೇಲೆ ನೋವು ಕಡಿಮೆ, ಓಡಾಟ ಹೆಚ್ಚು ಆದದ್ದು ವ್ಯಾಯಾಮ ಮಾಡಿದವರಿಗೆ. ಇದನ್ನೇ ಸೊಸೆಗೆ ಬರೆದೆವು: ಊರಿನ ಫಿಸಿಯೋಥೆರಪಿಯವರ ಬಳಿ ತೋರಿಸಿ, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಕಲಿತು ಮೂರು ತಿಂಗಳು ಬಿಡದೆ ಮಾಡಿಸಿ, ಸೂಜಿಯ ಮಾತು ಆಮೇಲೆ.

ಮೊನ್ನೆ ಮರುಪತ್ರ ಬಂದಿದೆ. ಅಜ್ಜಿ ದಿನಾ ಕುರ್ಚಿಯಲ್ಲಿ ಕೂತು, ಪಾದಕ್ಕೆ ತೊಗರಿಬೇಳೆಯ ಸಣ್ಣ ಗಂಟು ಕಟ್ಟಿಕೊಂಡು ಕಾಲು ಚಾಚುತ್ತಾರಂತೆ. ಎಣಿಸುವುದು ಮೊಮ್ಮಗಳು. ಸಾಮಾಯಿಕಕ್ಕೂ ಈಗ ಅದೇ ಕುರ್ಚಿ. ಹಾಲು, ತುಪ್ಪ ಮಾತ್ರ ಇನ್ನೂ ಮುಟ್ಟಿಲ್ಲವಂತೆ.