ಎಳೆಯ ಸಸಿಯ ಪ್ರಯಾಣಕ್ಕೆ ಸುಮುಹೂರ್ತ ಯಾವುದು?

ದೂರದ ಸಸ್ಯಾಗಾರಗಳಿಂದ ಅಂಚೆಯ ಅಥವಾ ಪಾರ್ಸೆಲ್ಲಿನ ಮೂಲಕ ಸಸಿಗಳನ್ನು ತರಿಸುವುದು ಈಗ ಬಹು ಸುಲಭವಾಗಿದೆ. ಮಲೆನಾಡಿನ ಕಾಳುಮೆಣಸಿನ ಬಳ್ಳಿ, ಕರಾವಳಿಯ ಜಾಯಿಕಾಯಿ, ಕುಂಡದಲ್ಲಿ ಬೆಳೆಯುವ ಆಂಥೂರಿಯಂ, ಆರ್ಕಿಡ್ ಮೊದಲಾದ ಉಷ್ಣವಲಯದ ಕೋಮಲ ಸಸ್ಯಗಳು ರಟ್ಟಿನ ಪೆಟ್ಟಿಗೆಯೊಳಗೆ ಕುಳಿತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಬಾಗಿಲಿಗೇ ಬಂದಿಳಿಯುತ್ತವೆ. ಆದರೆ ಬಂದುದೆಲ್ಲವೂ ಬದುಕುವುದಿಲ್ಲ. ಪೆಟ್ಟಿಗೆಯನ್ನು ತೆರೆದಾಗ ಹಸಿರಾಗಿದ್ದ ಸಸಿ ವಾರದೊಳಗೆ ಒಣಗಿತೆಂದರೆ, ಕೇಳಿಬರುವ ತೀರ್ಪು ಸಾಮಾನ್ಯವಾಗಿ ಒಂದೇ: "ಇದು ನಮ್ಮ ಮಣ್ಣಿಗೆ ಒಗ್ಗುವ ಗಿಡವಲ್ಲ." ಈ ತೀರ್ಪು ಅವಸರದ್ದೆಂದೂ, ಅನೇಕ ವೇಳೆ ಅಪರಾಧಿ ಮಣ್ಣಲ್ಲ, ಪ್ರಯಾಣದ ತಿಂಗಳು ಎಂದೂ ನಾವು ಭಾವಿಸುತ್ತೇವೆ.

ಶೀತದೇಶಗಳಲ್ಲಿ ಈ ವಿವೇಕ ಜನರಿಗೆ ತಾನಾಗಿ ಬಂದಿದೆ. ಶಿಕಾಗೋ, ಟೊರಾಂಟೊ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬದವರು ಮಲ್ಲಿಗೆಯನ್ನೋ ಕರಿಬೇವನ್ನೋ ಅಲ್ಲಿಯ ಸಸ್ಯಾಗಾರಗಳಿಂದ ತರಿಸಬೇಕಾದರೆ ಜನವರಿಯಲ್ಲಿ ಆ ಸಾಹಸಕ್ಕೆ ಹೋಗುವುದಿಲ್ಲ. ಉಷ್ಣವಲಯದ ಅನೇಕ ಸಸ್ಯಗಳಿಗೆ ನೀರು ಹೆಪ್ಪುಗಟ್ಟುವಷ್ಟು ಚಳಿಯೇ ಬೇಕಿಲ್ಲ. ಉಷ್ಣತೆ 10-12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೂ ಅವುಗಳ ಜೀವಕೋಶಗಳ ಪೊರೆ ಬಿಗಿದುಕೊಂಡು ಕೆಲಸ ಕೆಡುತ್ತದೆ. ಆದುದರಿಂದ ಕಡೆಯ ಹಿಮ ಬಿದ್ದುಹೋಗುವ ಮೇ ತಿಂಗಳಿನವರೆಗೆ ಅವರು ಕಾಯುತ್ತಾರೆ. ಹಿಮ ಕಣ್ಣಿಗೆ ಕಾಣುವ ಶತ್ರು. ನಮ್ಮ ನಾಲ್ಕು ತಾಲ್ಲೂಕುಗಳ ಶತ್ರುವಾದರೋ ಕಣ್ಣಿಗೆ ಕಾಣದು; ಅದು ಬೇಸಗೆಯ ಒಣಗಾಳಿ.

ಈ ಶತ್ರುವಿನ ಬಲವನ್ನು ಅಳೆಯಬಹುದು. 40 ಡಿಗ್ರಿ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 51 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ಏಪ್ರಿಲ್ಲಿನ ಒಂದು ಮಧ್ಯಾಹ್ನ ಆರ್ದ್ರತೆ ಶೇಕಡ 20 ಎಂದಿಟ್ಟುಕೊಳ್ಳೋಣ. ಆಗ ಗಾಳಿಯಲ್ಲಿರುವ ಆವಿ 10 ಗ್ರಾಂ ಮಾತ್ರ. ಇನ್ನು 41 ಗ್ರಾಮಿಗೆ ಅದು ಬಾಯ್ದೆರೆದಿರುತ್ತದೆ. ಮಳೆಗಾಲದ ಮೋಡದ ದಿನ, 25 ಡಿಗ್ರಿಯಲ್ಲಿ, ಗಾಳಿಯ ಸಾಮರ್ಥ್ಯ 23 ಗ್ರಾಂ; ಆರ್ದ್ರತೆ ಶೇಕಡ 80 ಆಗಿದ್ದರೆ ಕೊರತೆ ಕೇವಲ 5 ಗ್ರಾಮಿನಷ್ಟು. ಎಂದರೆ, ಬೇಸಗೆಯ ಗಾಳಿಯ ದಾಹ ಮಳೆಗಾಲದ ದಾಹಕ್ಕಿಂತ ಎಂಟು-ಒಂಬತ್ತು ಪಟ್ಟು ಹೆಚ್ಚು. ಪೆಟ್ಟಿಗೆಯಿಂದ ಹೊರಬಂದ ಸಸಿಯ ಎಲೆಗಳು ಎದುರಿಸಬೇಕಾದುದು ಈ ದಾಹವನ್ನು.

ಪೆಟ್ಟಿಗೆಯ ಒಳಗಿನ ಕಷ್ಟ ಬೇರೆ ಬಗೆಯದು. ಅಲ್ಲಿ ಬೆಳಕಿಲ್ಲ, ಬೆಳಕಿಲ್ಲದೆಡೆ ಸಸಿ ಆಹಾರವನ್ನು ತಯಾರಿಸಲಾರದು, ಕೂಡಿಟ್ಟುದನ್ನು ಉಸಿರಾಟದಲ್ಲಿ ವ್ಯಯಮಾಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ವ್ಯಯ ಸುಮಾರು ಇಮ್ಮಡಿಯಾಗುತ್ತದೆ. ಬಿಸಿಲಿನಲ್ಲಿ ನಿಂತ ಮುಚ್ಚಿದ ವಾಹನದ ಒಳಭಾಗ ಹೊರಗಿಗಿಂತ ಎಷ್ಟು ಕಾದಿರುತ್ತದೆಂಬುದನ್ನು ಎಲ್ಲರೂ ಬಲ್ಲರು. ಅಂಥ ವಾಹನದಲ್ಲಿ ಮೂರು ದಿನ ಕಳೆದ ಸಸಿ ಮನೆ ತಲುಪುವ ವೇಳೆಗೆ ಅರ್ಧ ದಿವಾಳಿಯಾಗಿರುತ್ತದೆ.

ಇತಿಹಾಸದಲ್ಲಿಯೂ ಇದಕ್ಕೆ ನಿದರ್ಶನವುಂಟು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಎಂಬಾತನು ದಕ್ಷಿಣ ಅಮೆರಿಕದಿಂದ ಸಿಂಕೋನ ಸಸಿಗಳನ್ನು, ಮಲೇರಿಯದ ಮದ್ದಾದ ಕ್ವಿನೈನಿಗಾಗಿ, ಗಾಜಿನ ಪೆಟ್ಟಿಗೆಗಳಲ್ಲಿ ಭಾರತಕ್ಕೆ ತಂದನು. ದಾರಿಯಲ್ಲಿ ಕೆಂಪು ಸಮುದ್ರದ ಬೇಗೆ ಅವುಗಳನ್ನು ಬಾಡಿಸಿತು. ಉದಕಮಂಡಲವನ್ನು ತಲುಪಿದ ಆ ಸಸಿಗಳು ಬದುಕಲಿಲ್ಲ. ನೀಲಗಿರಿಯ ನೆಲ ಸಿಂಕೋನಕ್ಕೆ ಒಗ್ಗದೆಂದು ಆಗಲೇ ತೀರ್ಮಾನಿಸಿದ್ದರೆ ಅದು ದೊಡ್ಡ ತಪ್ಪಾಗುತ್ತಿತ್ತು. ಏಕೆಂದರೆ ಅನಂತರ ಬಂದ ಬೀಜ ಮತ್ತು ಸಸಿಗಳಿಂದ ಅಲ್ಲಿಯೇ ತೋಟಗಳು ಎದ್ದವು.

"ನಮಗೆ ಕೃಷ್ಣೆಯಿದ್ದಾಳೆ, ಘಟಪ್ರಭೆಯಿದ್ದಾಳೆ, ನೀರಿಗೆ ಬರವಿಲ್ಲ, ಯಾವ ತಿಂಗಳಾದರೇನು?" ಎಂದು ಕೆಲವರು ಕೇಳಬಹುದು. ಕಬ್ಬಿಗೆ ಈ ಮಾತು ಸಲ್ಲುತ್ತದೆ. ಬಳಲಿ ಬಂದ ಸಸಿಗೆ ಸಲ್ಲದು. ಪ್ರಯಾಣದಲ್ಲಿ ಅದರ ಬೇರಿನ ತುದಿಗಳು ಹರಿದಿರುತ್ತವೆ. ಬುಡಕ್ಕೆ ಕೊಡಗಟ್ಟಲೆ ನೀರೆರೆದರೂ ಎಲೆ ಕಳೆದುಕೊಳ್ಳುವ ವೇಗದಲ್ಲಿ ಬೇರು ಅದನ್ನು ಮೇಲಕ್ಕೆ ಕಳುಹಿಸಲಾರದು. ಕೊರತೆಯಿರುವುದು ಬುಡದಲ್ಲಲ್ಲ, ಗಾಳಿಯಲ್ಲಿ.

"ಮಳೆಗಾಲದವರೆಗೆ ಕಾದರೆ ಒಳ್ಳೆಯ ಸಸಿಗಳು ಮುಗಿದುಹೋಗುತ್ತವೆ" ಎಂಬುದು ಮತ್ತೊಂದು ಆಕ್ಷೇಪ. ಇದರಲ್ಲಿ ಸತ್ಯಾಂಶವುಂಟು. ಆದರೆ ಬೇಡಿಕೆ ಸಲ್ಲಿಸುವ ದಿನ ಬೇರೆ, ಸಸಿ ಹೊರಡುವ ದಿನ ಬೇರೆ. ಮಾರ್ಚಿಯಲ್ಲಿಯೇ ಬೇಡಿಕೆ ಬರೆಯಲಿ. ಆದರೆ "ಇಂಥ ದಿನಾಂಕದ ಮೊದಲು ಕಳುಹಿಸಕೂಡದು" ಎಂಬ ಒಂದು ಸಾಲನ್ನೂ ಅದರೊಡನೆ ಬರೆಯಲಿ. ಆ ದಿನಾಂಕವನ್ನು ಹಿಂದಿನಿಂದ ಎಣಿಸಬೇಕು: ನೆಲಕ್ಕೆ ನೆಡುವ ದಿನ, ಅದಕ್ಕೆ ಮುಂಚೆ ನೆರಳಿನಲ್ಲಿ ಸುಧಾರಿಸಿಕೊಳ್ಳಲು ಎರಡು ವಾರ, ಅದಕ್ಕೂ ಮುಂಚೆ ದಾರಿಯ ದಿನಗಳು. ಹೊರಡುವುದು ಸೋಮವಾರವಾದರೆ ಉತ್ತಮ. ಪೆಟ್ಟಿಗೆ ಭಾನುವಾರದ ರಜೆಯಲ್ಲಿ ಗೋದಾಮಿನಲ್ಲಿ ಕೊಳೆಯದು.

ನಮ್ಮ ರೈತರ ಮಳೆನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ, ಆರಿದ್ರಾ ಮಳೆ ಹುಟ್ಟುವ ಜೂನ್ ಕೊನೆಯ ಭಾಗದಿಂದ ಉತ್ತರೆ ಮಳೆಯ ಸೆಪ್ಟೆಂಬರಿನವರೆಗಿನ ಅವಧಿ ಈ ಪ್ರಯಾಣಕ್ಕೆ ಪ್ರಶಸ್ತ. ಜುಲೈಯಲ್ಲಿ ಇಲ್ಲಿ ಮಳೆ ಅಲ್ಪವೇ ಆದರೂ ಮೋಡದ ನೆರಳೂ ತೇವದ ಗಾಳಿಯೂ ಇರುತ್ತವೆ. ಬೀಸುಗಾಳಿಗೆ ಮಾತ್ರ ಮರೆ ಬೇಕು. ಹೆಚ್ಚು ಮಳೆ ಸೆಪ್ಟೆಂಬರಿನದು. ನವೆಂಬರಿನ ಬಳಿಕ ಹಗಲು ಹಿತವಾಗಿದ್ದರೂ ಗಾಳಿ ಮತ್ತೆ ಒಣಗುತ್ತದೆ. ಬೇಸಗೆ ಬರುವುದರೊಳಗೆ ಬೇರೂರಲು ಉಳಿಯುವ ಕಾಲವೂ ಕಡಿಮೆ.

ಶಾಲೆ-ಕಾಲೇಜುಗಳಿಗೂ ಈ ಮಾತು ಅನ್ವಯಿಸುತ್ತದೆ. ಜೂನ್ 5ರ ವಿಶ್ವ ಪರಿಸರ ದಿನಕ್ಕೆಂದು ತರಿಸಿದ ಸಸಿಗಳು ಪ್ರಯಾಣ ಮಾಡುವುದು ಮೇ ತಿಂಗಳ ಕಡೆಯ ಬೇಗೆಯಲ್ಲಿ. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವ ಜುಲೈ ಮೊದಲ ವಾರಕ್ಕೆ ಬರುತ್ತದೆ. ನಮ್ಮ ಸೀಮೆಗೆ ಅದೇ ಹೆಚ್ಚು ಹೊಂದುವ ಹಬ್ಬ. ಜೂನ್ 5ರಂದು ಗುಂಡಿ ತೋಡಿ, ಜುಲೈಯಲ್ಲಿ ಸಸಿ ನೆಟ್ಟರೆ ಎರಡು ಹಬ್ಬಗಳೂ ಸಾರ್ಥಕವಾಗುವುವು.

ವಿದ್ಯಾರ್ಥಿಗಳು ನಮ್ಮ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಒಂದು ಕುಂಡದ ಗಿಡಕ್ಕೆ ನೀರೆರೆದು, ಕುಂಡವನ್ನೂ ಅದರ ಮಣ್ಣನ್ನೂ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ, ಬೆಳಗ್ಗೆ ಮತ್ತು ಸಂಜೆ ತೂಗಲಿ. ಕಡಮೆಯಾದ ತೂಕವೇ ಎಲೆಗಳು ಕಳೆದುಕೊಂಡ ನೀರು. ಏಪ್ರಿಲ್ಲಿನಲ್ಲೊಮ್ಮೆ, ಜುಲೈಯಲ್ಲೊಮ್ಮೆ ಹೀಗೆ ಮಾಡಿ ನೋಡಲಿ. ಕೆಲವು ಗಿಡಗಳು ನಮ್ಮ ಕರಿಮಣ್ಣಿಗೆ ನಿಜವಾಗಿಯೂ ಒಗ್ಗದೆ ಇರಬಹುದು. ಆದರೆ ಅದು ಗೊತ್ತಾಗಬೇಕಾದರೆ ಮೊದಲು ಸಸಿ ಜೀವದಿಂದ ಮಣ್ಣನ್ನು ಮುಟ್ಟಬೇಕು. ದಾರಿಯಲ್ಲಿ ಸತ್ತುದಕ್ಕೆ ನೆಲವನ್ನು ದೂಷಿಸುವುದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ.